ಎರಡು ಹುಟ್ಟಿನ ದೋಣಿ

ಮೊದಲೇ ಹೇಳಿಬಿಡುತ್ತೇನೆ, ಈ ಕತೆಯಲ್ಲಿ ನಾನು ಒಳ್ಳೆಯವಳಲ್ಲ. ಕತೆ ನನ್ನ ತಂಗಿಯದು. ಅವಳಿಗೆ ಈಗ ನಲವತ್ತೊಂದು, ತಲೆಯಲ್ಲಿ ಅರ್ಧದಷ್ಟು ಕೂದಲು ಬೆಳ್ಳಗಾಗಿದೆ, ಆದರೂ ಮನೆಯಲ್ಲಿ ಅವಳು ಪುಟ್ಟಿಯೇ. ಆಸ್ಪತ್ರೆಯೊಂದರ ರೆಕಾರ್ಡ್ ರೂಮಿನಲ್ಲಿ ಕೆಲಸ. ಅಲ್ಲಿಯವರು ಅವಳ ಬೆನ್ನ ಹಿಂದೆ ‘ಹಳೇ ಡಬ್ಬದ ಡಾಕ್ಟರು’ ಅನ್ನುತ್ತಾರೆ. ಅವಳಿಗೂ ಅದು ಗೊತ್ತು, ಒಳಗೊಳಗೇ ಖುಷಿಯೂ ಇದೆ.

ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಆ ಆಸ್ಪತ್ರೆಯ ರೋಗಿಗಳ ಪಟ್ಟಿಯೆಲ್ಲ ಇಪ್ಪತ್ತು ವರ್ಷದ ಹಿಂದೆ ಯಾರೋ ಬರೆದ ಒಂದು ಪ್ರೋಗ್ರಾಮಿನಲ್ಲಿದೆ. ಬರೆದ ಪುಣ್ಯಾತ್ಮ ಈಗ ಎಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ. ಹೊಸ ಕಂಪ್ಯೂಟರ್ ಬಂದಾಗಲೆಲ್ಲ ಅದು ಹೊಸ ಸೊಸೆಯನ್ನು ಕಂಡ ಅತ್ತೆಯ ಹಾಗೆ ಮುಖ ತಿರುಗಿಸಿ ಕೂರುತ್ತದೆ. ಪುಟ್ಟಿ ಹೋಗಿ, ಅದನ್ನು ಪುಸಲಾಯಿಸಿ, ಎರಡು ದಿನದಲ್ಲಿ ಓಡಿಸುತ್ತಾಳೆ. ಇದನ್ನು ನೋಡಿದ ಮೇಲೆ ಒಬ್ಬೊಬ್ಬರೇ ತಮ್ಮ ತಮ್ಮ ಹಳೆಯ ಆಟಗಳನ್ನು ತಂದರು. ಔಷಧಿ ಕೌಂಟರಿನವನು ಹಾವಿನ ಆಟ ತಂದ, ಹಿರಿಯ ನರ್ಸಮ್ಮ ಇಸ್ಪೀಟಿನ ಆಟ ತಂದರು, ಎಕ್ಸ್‌ರೇ ತೆಗೆಯುವವನು ಕಾರ್ ರೇಸಿನ ಆಟ ತಂದ. ಎಲ್ಲವೂ ಹೊಸ ಕಂಪ್ಯೂಟರಿನಲ್ಲಿ ಸತ್ತುಬಿದ್ದಿದ್ದವು. ಊಟದ ಬಿಡುವಿನಲ್ಲಿ ಕೂತು ಅವಳು ಎಲ್ಲವನ್ನೂ ಎಬ್ಬಿಸಿಕೊಟ್ಟಳು. “ಈ ಆಸ್ಪತ್ರೇಲಿ ಸತ್ತದ್ದನ್ನ ಎಬ್ಬಿಸೋಕೆ ಬರೋದು ಇವರೊಬ್ರಿಗೇ” ಎಂದು ಎಕ್ಸ್‌ರೇಯವನು ದೊಡ್ಡ ಡಾಕ್ಟರ ಎದುರಿಗೇ ಅಂದನಂತೆ. ದೊಡ್ಡ ಡಾಕ್ಟರು ನಗಲಿಲ್ಲವಂತೆ.

ಹೇಗೆ ಮಾಡುತ್ತೀಯ ಎಂದು ನಾನೊಮ್ಮೆ ಕೇಳಿದ್ದೆ.

“ಏನೂ ಇಲ್ಲ ಅಕ್ಕ, ಆಟಕ್ಕೆ ಸುಳ್ಳು ಹೇಳ್ಬೇಕು ಅಷ್ಟೆ,” ಅಂದಳು. “ಹೊಸ ಕಂಪ್ಯೂಟರ್ ಹೊಟ್ಟೆಯೊಳಗೆ ಒಂದು ಸುಳ್ಳುಸುಳ್ಳೇ ಹಳೇ ಕಂಪ್ಯೂಟರ್ ಕಟ್ಟಿ, ಅದರೊಳಗೆ ಆಟನ ಕೂರಿಸೋದು. ಅದು ತಾನಿನ್ನೂ ಅದೇ ಕಾಲದಲ್ಲಿದ್ದೀನಿ ಅನ್ಕೊಂಡು ಓಡುತ್ತೆ. ಹೊರಗೆ ಇಷ್ಟು ವರ್ಷ ಕಳೆದಿದೆ ಅಂತ ಅದಕ್ಕೆ ಗೊತ್ತಾಗಬಾರದು.”

ಅವಳು ಇದನ್ನು ನಗುತ್ತ ಹೇಳಿದಳು, ನಾನೂ ನಕ್ಕೆ.

ಅವಳು ಇರುವುದು ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ, ನಮ್ಮ ತಮ್ಮನ ಜೊತೆ. ನನಗೆ ತಮ್ಮ, ಅವಳಿಗೆ ಅಣ್ಣ. ಅವನಿಗೆ ನಲವತ್ತಾರು. ಹತ್ತೊಂಬತ್ತನೇ ವಯಸ್ಸಿನಲ್ಲಿ ಒಂದು ಮುದ್ರಣಾಲಯದಲ್ಲಿ ಪ್ರೂಫ್ ತಿದ್ದುವ ಕೆಲಸಕ್ಕೆ ಸೇರಿದ್ದ. ಒಂದು ದಿನ ಬಸ್ ನಿಲ್ದಾಣದಲ್ಲಿ ಇದ್ದಕ್ಕಿದ್ದಂತೆ ಎದೆ ಡವಗುಟ್ಟಿ, ಬೆವರಿ, ಬಿದ್ದುಬಿಟ್ಟ. ಜನ ಸುತ್ತುವರಿದರು. ಸಾಯುತ್ತೇನೆ ಎಂದುಕೊಂಡನಂತೆ. ಹೃದಯಕ್ಕೆ ಏನೂ ಆಗಿಲ್ಲ, ಗಟ್ಟಿಯಾಗಿದೆ ಎಂದರು ಡಾಕ್ಟರು. ಮರುದಿನ ಕೆಲಸಕ್ಕೆ ಹೊರಟವನು ಒಂದು ಮಹಡಿ ಇಳಿದು, ಮೆಟ್ಟಿಲಿನ ತಿರುವಿನಿಂದಲೇ ವಾಪಸು ಬಂದ. ಅಷ್ಟೇ. ಇಪ್ಪತ್ತೇಳು ವರ್ಷವಾಯಿತು, ಆ ತಿರುವು ದಾಟಿ ಕೆಳಗೆ ಇಳಿದಿಲ್ಲ. ಮುದ್ರಣಾಲಯದವರು ಒಳ್ಳೆಯವರು, ಪ್ರೂಫನ್ನು ಮನೆಗೇ ಕಳಿಸುತ್ತಾರೆ. ಕೆಂಪು ಪೆನ್ನು ಹಿಡಿದು ಕೂತರೆ ಅವನಷ್ಟು ಸೂಕ್ಷ್ಮದವನು ಇನ್ನೊಬ್ಬನಿಲ್ಲ. ಆ ಮನೆಯಲ್ಲಿ ಅವನ ಕಣ್ಣು ತಪ್ಪಿಸಿದ ಕಾಗದ ಯಾವುದೂ ಇಲ್ಲ; ಹಾಲಿನವನಿಗೆ ಬರೆದಿಟ್ಟ ಚೀಟಿಯನ್ನೂ ತಿದ್ದುತ್ತಾನೆ.

ಮುಂದಿನ ಕೋಣೆಯಲ್ಲಿ ಒಂದು ಮೇಜು. ಅದರ ಮೇಲೆ ಅಪ್ಪ ತಮ್ಮ ಆಫೀಸಿನ ಹರಾಜಿನಲ್ಲಿ ಹಿಡಿದು ತಂದ ಕಂಪ್ಯೂಟರ್. ಆ ಕಾಲದ ಪರದೆಗೆ ಹಿಂಭಾಗ ಭಾರಿ ದಪ್ಪ. ಅದಕ್ಕಾಗಿ ಮೇಜನ್ನು ಮುಂದಕ್ಕೆ ಎಳೆದಿದ್ದರಿಂದ ಮನೆಯ ಬಾಗಿಲು ಅರ್ಧ ಮಾತ್ರ ತೆರೆಯುತ್ತಿತ್ತು. ಬಂದವರೆಲ್ಲ ಅಡ್ಡಡ್ಡ ನುಸುಳಿ ಬರಬೇಕು. ನನ್ನಂಥ ಮೈಕೈ ತುಂಬಿದವಳಿಗೆ ಪ್ರತಿ ಸಲವೂ ಮರ್ಯಾದೆ ಹೋಗುತ್ತಿತ್ತು. ಮೇಜನ್ನು ಸ್ವಲ್ಪ ಸರಿಸಿ ಎಂದು ಇಪ್ಪತ್ತಾರು ವರ್ಷ ಹೇಳಿದೆ, ಯಾರೂ ಸರಿಸಲಿಲ್ಲ.

ಆ ಕಂಪ್ಯೂಟರಿನೊಳಗೆ ಒಂದು ಆಟ ಇತ್ತು. ಒಂದು ನದಿ, ಒಂದು ದೋಣಿ, ಎರಡು ಹುಟ್ಟು. ಎಡಗಡೆಯ ಹುಟ್ಟು ಒಬ್ಬರದು, ಬಲಗಡೆಯದು ಇನ್ನೊಬ್ಬರದು. ಇಬ್ಬರೂ ಒಂದೇ ಕೀಬೋರ್ಡಿನ ಎರಡು ತುದಿಯಲ್ಲಿ ಎರಡೆರಡು ಗುಂಡಿ ಒತ್ತಬೇಕು. ಇಬ್ಬರ ಕೈಯೂ ಒಂದೇ ತಾಳಕ್ಕೆ ಎದ್ದು ಬಿದ್ದರೆ ದೋಣಿ ಸಾಗುತ್ತದೆ, ಕಲ್ಲು ತಪ್ಪಿಸುತ್ತದೆ, ಹೀಗೆ ನಲವತ್ತು ಘಟ್ಟ ದಾಟಬೇಕು. ಒಬ್ಬರೇ ಕೂತರೆ ಇದ್ದಲ್ಲೇ ಗಿರಗಿರ ಸುತ್ತುತ್ತದೆ.

ಅಮ್ಮ ಹೋದದ್ದು ಆ ಕಂಪ್ಯೂಟರ್ ಬಂದ ವರ್ಷ. ಪುಟ್ಟಿಗೆ ಆಗ ಹದಿನೈದು. ನನಗೆ ಮದುವೆಯಾಗಿತ್ತು, ಹೊಟ್ಟೆಯಲ್ಲಿ ಮಗು ಇತ್ತು. ಹದಿನೈದು ದಿನ ಇದ್ದು ಗಂಡನ ಮನೆಗೆ ಹೊರಟೆ. ಮುಂದಿನ ತಿಂಗಳು ಬಂದು ನೋಡಿದರೆ ಸಂಜೆ ಆರು ಗಂಟೆಗೆ ಅಣ್ಣತಂಗಿ ಇಬ್ಬರೂ ಪಕ್ಕಪಕ್ಕ ಕೂತು ಹುಟ್ಟು ಹಾಕುತ್ತಿದ್ದರು. ಆ ಮೇಲೆ ಅದು ನಿಲ್ಲಲಿಲ್ಲ. ಪರೀಕ್ಷೆ ಇರಲಿ, ಜ್ವರ ಇರಲಿ, ಅಪ್ಪ ಹಾಸಿಗೆ ಹಿಡಿದ ದಿನವಿರಲಿ, ಆರು ಗಂಟೆ ಎಂದರೆ ಆರು ಗಂಟೆ.

ಪುಟ್ಟಿ ಇಪ್ಪತ್ತು ವರ್ಷದವಳಿದ್ದಾಗ ಗೆಳತಿಯ ಮದುವೆಗೆಂದು ಮೂರು ದಿನ ಬೇರೆ ಊರಿಗೆ ಹೋಗಿದ್ದಳು. ಬರುವಷ್ಟರಲ್ಲಿ ತಮ್ಮ ಊಟ ಬಿಟ್ಟಿದ್ದ. ಕೆನ್ನೆಗೆ ಕೈ ಕೊಟ್ಟು ಕಿಟಕಿಯ ಹತ್ತಿರ ಕೂತವನು ಯಾರೊಂದಿಗೂ ಮಾತಾಡಲಿಲ್ಲ. ಅಪ್ಪ ಅವಳು ಚಪ್ಪಲಿ ಬಿಡುವ ಮೊದಲೇ ಹೇಳಿದರು: “ನೋಡಿದ್ಯಾ? ನೀನಿಲ್ದೆ ಇದ್ರೆ ಅವನು ಉಳಿಯಲ್ಲ.”

ಆ ಒಂದು ಮಾತು ಅವಳ ಕಾಲಿಗೆ ಸಿಕ್ಕಿಕೊಂಡಿತು. ಆಮೇಲೆ ಅವಳು ಯಾವ ಊರಿಗೂ ಹೋಗಲಿಲ್ಲ. ಎರಡು ಸಂಬಂಧ ಬಂದವು. ಎರಡೂ ಸಲ ಅವಳು ಹುಡುಗನ ಮುಂದೆ ಕೂತು ಕೇಳಿದ ಮೊದಲ ಪ್ರಶ್ನೆ, “ದಿನಾ ಸಂಜೆ ಆರು ಗಂಟೆಗೆ ನಾನು ಅಣ್ಣನ ಮನೇಲಿರ್ಬೇಕು, ಆಗುತ್ತಾ?” ಬಂದವರು ಚಹಾ ಕುಡಿದು ಎದ್ದುಹೋದರು. ಅಪ್ಪ ತೀರಿಕೊಂಡರು. ಆಸ್ಪತ್ರೆಯಲ್ಲಿ ಮೀಟಿಂಗು ಐದೂವರೆ ದಾಟಿದರೆ ಅವಳ ಕಾಲು ಮೇಜಿನ ಕೆಳಗೆ ತಟತಟ ಕುಣಿಯಲು ಶುರುವಾಗುತ್ತಿತ್ತಂತೆ. ಐದು ನಲವತ್ತರ ಬಸ್ಸು ತಪ್ಪಿದರೆ ಓಡಿಕೊಂಡೇ ಬರುತ್ತಿದ್ದಳು. “ನಂಗೆ ಉಸಿರು ಕಟ್ಟುತ್ತೆ ಅಕ್ಕ,” ಅಂದಳು ಒಮ್ಮೆ, ನಮ್ಮ ಮನೆಯ ಜಗುಲಿಯಲ್ಲಿ. ನಾನು ಏನು ಹೇಳಿದೆ ಗೊತ್ತೇ? “ಯಾರಿಗೆ ಕಟ್ಟಲ್ಲ ಹೇಳು” ಅಂದೆ.

ಅವಳಿಲ್ಲದೆ ಅವನು ಉಳಿಯುವುದಿಲ್ಲ ಎಂಬ ಮಾತನ್ನು ಅಪ್ಪನಿಗಿಂತ ಹೆಚ್ಚು ಸಲ ಹೇಳಿದವಳು ನಾನು. ಬಂಧುಗಳಿಗೆ ಹೇಳಿದೆ, ನೆರೆಯವರಿಗೆ ಹೇಳಿದೆ, ನನ್ನ ಗಂಡನಿಗೂ ಹೇಳಿದೆ. ಅದು ನಿಜವಾಗಿದ್ದರೆ ನನಗೆ ಅನುಕೂಲ. ತಮ್ಮನನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬರುತ್ತಿರಲಿಲ್ಲ.

ಕೆಲವು ತಿಂಗಳ ಹಿಂದೆ ಒಂದು ಸೋಮವಾರ ಆ ಹಳೆಯ ಕಂಪ್ಯೂಟರ್ ಸತ್ತಿತು. ಹದಿನೇಳನೇ ಘಟ್ಟದಲ್ಲಿದ್ದರಂತೆ. ಸುಟ್ಟ ವಾಸನೆ ಬಂತು, ಪರದೆ ಕುಗ್ಗಿ ಒಂದು ಬಿಳಿ ಚುಕ್ಕೆಯಾಗಿ ಆರಿಹೋಯಿತು. “ಹೋಯ್ತು” ಅಂದ ತಮ್ಮ. ಎದ್ದುಹೋಗಿ ಪ್ರೂಫ್ ತಿದ್ದಲು ಕೂತ. ಅವನು ನೋವನ್ನು ನುಂಗಿಕೊಂಡಿದ್ದಾನೆ ಎಂದಳು ಪುಟ್ಟಿ. ನಾನು ಆ ವಾರ ಎರಡು ಸಲ ಹೋದೆ. ಸಂಜೆ ಅವನು ಕಿಟಕಿಯ ಹತ್ತಿರ ಕೂತು ಪುಸ್ತಕ ಓದುತ್ತಿದ್ದ, ಅಡುಗೆಮನೆಗೆ ಹೋಗಿ ತಾನೇ ಚಹಾ ಮಾಡಿಕೊಂಡ, ಮುಖದಲ್ಲಿ ಕಳೆ ಇತ್ತು. ನೋಡಿದೆ. ನೋಡಿಯೂ ಏನೂ ಅನ್ನಿಸಲಿಲ್ಲ, ಅನ್ನಿಸಿಕೊಳ್ಳುವುದು ನನಗೆ ಬೇಕಿರಲಿಲ್ಲ.

ಅದೇ ವಾರ ಪುಟ್ಟಿಗೆ ಕಾಗದ ಬಂತು. ಅವರ ಆಸ್ಪತ್ರೆಯ ಆಡಳಿತದವರದೇ ಇನ್ನೊಂದು ದೊಡ್ಡ ಆಸ್ಪತ್ರೆ ಇದೆ, ಒಂದು ಹಗಲಿನ ದಾರಿ. ಅಲ್ಲಿ ಹಳೆಯ ದಾಖಲೆಯೆಲ್ಲ ಹೊಸ ಕಂಪ್ಯೂಟರಿಗೆ ಏರಿಸಬೇಕು. ಆ ಕೆಲಸಕ್ಕೆ ಇವಳೇ ಬೇಕು. ರೆಕಾರ್ಡ್ ರೂಮಿಗೆ ಇವಳೇ ಮುಖ್ಯಸ್ಥೆ, ಕೈಕೆಳಗೆ ಆರು ಜನ, ಇರಲು ಕ್ವಾರ್ಟರ್ಸ್. ಮುಂದಿನ ತಿಂಗಳ ಮೂವತ್ತರೊಳಗೆ ಬರುತ್ತೇನೆ ಅಥವಾ ಇಲ್ಲ ಎಂದು ಬರೆದುಕೊಡಬೇಕು.

ಭಾನುವಾರ ಬೆಳಗ್ಗೆ ಬಂದಳು. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ಕೇಳಿದಳು.

“ಅಕ್ಕ, ನಾನು ಹೋಗ್ಲಾ? ಅಣ್ಣನ್ನ ಎರಡು ಹೊತ್ತು ಬಂದು ನೋಡ್ಕೋತೀಯಾ?”

ಅವಳು ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು. ಅವಳ ಕಣ್ಣಲ್ಲಿ ಆಸೆ ಇತ್ತು. ಇಲ್ಲ ಎನ್ನಲು ಬಾಯಿ ಬರಲಿಲ್ಲ, ಹೂಂ ಎನ್ನಲು ಮನಸ್ಸು ಬರಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

“ಊಟ ತಂದುಕೊಡ್ತೀನಿ ಕಣೆ, ಅದಕ್ಕೇನು,” ಅಂದೆ. “ಆದ್ರೆ ಆ ಆಟ ಆಡೋಕೆ ನನ್ನ ಕೈಲಾಗಲ್ಲ. ಆರು ಗಂಟೆಗೆ ಅವನು ಮತ್ತೆ ಊಟ ಬಿಟ್ಟು ಕೂತ್ರೆ ನಾನೇನು ಮಾಡ್ಲಿ? ಒಂದು ಕೆಲಸ ಮಾಡು. ನೀನಿಲ್ದೇನೂ ಅವನು ಆಡೋ ಹಾಗೆ ಮಾಡಿಕೊಡು. ಆಮೇಲೆ ಹೋಗು. ನಾನು ನೋಡ್ಕೋತೀನಿ.”

ಕಂಪ್ಯೂಟರ್ ಸುಟ್ಟುಹೋಗಿದೆ, ಆಟ ಇಬ್ಬರೇ ಆಡಬೇಕಾದದ್ದು. ಆಗದ ಕೆಲಸ ಎಂದು ಗೊತ್ತಿದ್ದೇ ಷರತ್ತು ಹಾಕಿದೆ. ಅವಳು ಮಾತ್ರ ಅದನ್ನು ಷರತ್ತು ಎಂದುಕೊಳ್ಳದೆ ಕೆಲಸ ಎಂದುಕೊಂಡಳು. “ಮಾಡ್ತೀನಿ” ಎಂದು ಇಳಿದುಹೋದಳು.

ಅಣ್ಣನಿಗೆ ಗೊತ್ತಾಗಬಾರದೆಂದು ಅವಳು ಕೆಲಸ ಇಟ್ಟುಕೊಂಡದ್ದು ನಮ್ಮ ಊಟದ ಮೇಜಿನ ಮೇಲೆ. ಸತ್ತ ಕಂಪ್ಯೂಟರಿನಿಂದ ಹಾರ್ಡ್ ಡಿಸ್ಕ್ ಬಿಚ್ಚಿ ತಂದು, ಒಂದು ತಂತಿ ಹಾಕಿ ತನ್ನ ಲ್ಯಾಪ್‌ಟಾಪಿಗೆ ಸೇರಿಸಿದಳು. ಅದು ಒಳಗೆ ಕಟಕಟ ಎನ್ನುತ್ತಲೇ ಆಟವನ್ನು ಬಿಟ್ಟುಕೊಟ್ಟಿತು. ಹೊಸ ಕಂಪ್ಯೂಟರ್ ಅದನ್ನು ನೋಡಿದ ಕೂಡಲೇ, ಈ ಪ್ರೋಗ್ರಾಮ್ ಇಲ್ಲಿ ನಡೆಯುವುದಿಲ್ಲ ಎಂದು ಒಂದು ಸಾಲು ತೋರಿಸಿ ಕೈತೊಳೆದುಕೊಂಡಿತು. ಪುಟ್ಟಿ ತನ್ನ ಸುಳ್ಳು ಕಂಪ್ಯೂಟರನ್ನು ಕಟ್ಟಿದಳು. ಆಟ ಎದ್ದಿತು. ಏಳುವಾಗಲೇ ಒಂದು ಪ್ರಶ್ನೆ ಕೇಳಿತು: ಆಟದ ಜೊತೆ ಬಂದ ಪುಸ್ತಕದ ಹನ್ನೊಂದನೇ ಪುಟ, ನಾಲ್ಕನೇ ಸಾಲು, ಎರಡನೇ ಪದ ಯಾವುದು? ಆ ಕಾಲದಲ್ಲಿ ಕದ್ದು ಆಡುವವರನ್ನು ಹಿಡಿಯಲು ಹಾಗೆ ಕೇಳುತ್ತಿದ್ದರಂತೆ. ಆ ಪುಸ್ತಕ ಹರಿದು ಯಾವ ಕಾಲವಾಯಿತೋ. ಅವಳಿಗೆ ಎಲ್ಲ ಪದವೂ ಬಾಯಿಪಾಠ, ಕಣ್ಣು ಎತ್ತದೆ ಒತ್ತಿದಳು.

ದೋಣಿ ಹೊರಟಿತು. ಹೊರಟದ್ದೇನು, ಬಾಣ ಬಿಟ್ಟಂತೆ ಹೋಗಿ ಮೊದಲನೇ ಕಲ್ಲಿಗೆ ಬಡಿಯಿತು. ಹಳೆಯ ಆಟ ಕಂಪ್ಯೂಟರಿನ ವೇಗವನ್ನೇ ನಂಬಿ ಓಡುವಂಥದ್ದು. ಕಂಪ್ಯೂಟರ್ ಸಾವಿರ ಪಟ್ಟು ಚುರುಕಾದರೆ ನದಿಯೂ ಸಾವಿರ ಪಟ್ಟು ಚುರುಕು. ಅವಳು ತಗ್ಗಿಸುತ್ತ ಬಂದಳು. ಸರಿಯಾದ ವೇಗ ಯಾವುದು ಎಂದು ಎಲ್ಲೂ ಬರೆದಿಲ್ಲ. ನಮ್ಮ ಗೋಡೆಯ ಗಡಿಯಾರ ನೋಡಿಕೊಂಡು, ಮೊದಲ ಘಟ್ಟದ ಮರದಿಂದ ಸೇತುವೆಯವರೆಗೆ ಎಷ್ಟು ಹುಟ್ಟು ಬೀಳುತ್ತದೆ ಎಂದು ಎಣಿಸಿದಳು. “ಇನ್ನೂ ಒಂಚೂರು ಜಾಸ್ತಿ ಇದೆ” ಅನ್ನುವಳು. ನನಗೆ ಏನೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಅವಳ ಬೆರಳಿಗೆ ಕಾಣುತ್ತಿತ್ತು.

ಪರೀಕ್ಷೆ ಮಾಡಲು ನನ್ನನ್ನು ಎಡಗಡೆ ಕೂರಿಸಿದಳು. ಹುಟ್ಟು ಎತ್ತುವ ಗುಂಡಿ ಯಾವುದು, ಬಿಡುವ ಗುಂಡಿ ಯಾವುದು ಎಂದು ಗೊತ್ತಾಗುವುದರೊಳಗೆ ದೋಣಿ ನಾಲ್ಕು ಸುತ್ತು ಸುತ್ತಿತ್ತು.

“ಅಕ್ಕ, ಕೈ ಎತ್ತು! ಎತ್ತು ಅಂದ್ರೆ!”

“ಎತ್ತಿದ್ದೀನಲ್ಲೇ!”

“ಅದು ನನ್ನ ಗುಂಡಿ!”

ನನ್ನ ಗಂಡ ಒಳಗಿನಿಂದ ಬಂದು ನೋಡಿ, “ಸಂಸಾರದಲ್ಲೂ ಇವಳದು ಇದೇ ಕತೆ” ಎಂದು ಹೋದರು. ನಗಾಡಿದ್ದಾಯಿತು. ಆದರೆ ಅರ್ಧ ಗಂಟೆ ಕಳೆಯುವಷ್ಟರಲ್ಲಿ ನನ್ನ ಕುತ್ತಿಗೆ ಹಿಡಿದಿತ್ತು, ಕಣ್ಣು ಉರಿಯುತ್ತಿತ್ತು, ಎದ್ದು ಓಡಿಹೋಗಬೇಕು ಅನ್ನಿಸಿತು. ಏಳುವ ಹಾಗಿಲ್ಲ, ಎದ್ದರೆ ಇನ್ನೊಬ್ಬರ ದೋಣಿಯೂ ನಿಲ್ಲುತ್ತದೆ. ಅರ್ಧ ಗಂಟೆಗೇ ನನಗೆ ಹೀಗಾಯಿತು.

ಗಲಾಟೆಗೆ ನನ್ನ ದಡ್ಡತನವೊಂದೇ ಕಾರಣವಾಗಿರಲಿಲ್ಲ. ಈಗಿನ ತೆಳ್ಳಗಿನ ಕೀಬೋರ್ಡು, ಒಟ್ಟಿಗೆ ಮೂರು ನಾಲ್ಕು ಗುಂಡಿ ಒತ್ತಿದರೆ, ಒಂದನ್ನು ನುಂಗಿಬಿಡುತ್ತದಂತೆ. ಇಬ್ಬರೂ ಒಟ್ಟಿಗೆ ಕೈ ಹಾಕಿದಾಗ ಒಬ್ಬರ ಹುಟ್ಟು ಲೆಕ್ಕಕ್ಕೇ ಬರುತ್ತಿರಲಿಲ್ಲ. ಅವಳು ಇನ್ನೊಂದು ಕೀಬೋರ್ಡ್ ತಂದು ಸೇರಿಸಿದಳು. ಎಡಗಡೆಯವರಿಗೆ ಒಂದು, ಬಲಗಡೆಯವರಿಗೆ ಒಂದು. ಅದು ಸರಿಹೋಯಿತು. ಆಗಲೇ ಅವಳು ಬಲಗಡೆಯ ಕೀಬೋರ್ಡನ್ನು ಬಹಳ ಹೊತ್ತು ನೋಡುತ್ತ ಕೂತಳು.

“ಅಕ್ಕ, ಈ ಕಡೆ ಮನುಷ್ಯರೇ ಕೂರ್ಬೇಕು ಅಂತ ಆಟಕ್ಕೆ ಹೇಗೆ ಗೊತ್ತಾಗುತ್ತೆ?”

“ಅಂದ್ರೆ?”

“ಈ ಆಟದಲ್ಲಿ ಕಲ್ಲುಗಳು ಯಾವತ್ತೂ ಜಾಗ ಬದಲಾಯಿಸಲ್ಲ. ಅಣ್ಣನೂ ಬದಲಾಯಿಸಲ್ಲ. ಇಪ್ಪತ್ತಾರು ವರ್ಷದಿಂದ ಅದೇ ಕಲ್ಲಿನ ಹತ್ರ ಅದೇ ಕ್ಷಣಕ್ಕೆ ಒತ್ತುತ್ತಾನೆ. ನಾನು ಒತ್ತೋದನ್ನೆಲ್ಲ ಒಂದು ಸಲ ಬರೆದಿಟ್ಟುಬಿಟ್ರೆ ಕಂಪ್ಯೂಟರೇ ನನ್ನ ಬದಲು ಒತ್ತುತ್ತೆ.”

ನಲವತ್ತು ಘಟ್ಟಕ್ಕೂ ಬರೆದಿಡಬೇಕು. ಬರೆದಿಡಲು ದೋಣಿ ಸಾಗಬೇಕು, ಸಾಗಲು ಎಡಗಡೆಯೂ ಆಡಬೇಕು, ನನ್ನಿಂದ ಆಗದ ಮಾತು. ಅವಳು ಎರಡು ಕೀಬೋರ್ಡನ್ನೂ ಎದುರಿಗಿಟ್ಟುಕೊಂಡಳು. ಎಡಗೈ ಅಣ್ಣ, ಬಲಗೈ ತಾನು. ಅವನು ಎಲ್ಲಿ ಅವಸರ ಮಾಡುತ್ತಾನೆ, ಎಲ್ಲಿ ಒಂದು ಕ್ಷಣ ತಡೆಯುತ್ತಾನೆ ಎಲ್ಲವೂ ಎಡಗೈಗೆ ಗೊತ್ತಿತ್ತು. ಮೂರು ಭಾನುವಾರ, ದಿನವೂ ಕೆಲಸ ಮುಗಿದ ಮೇಲೆ ಒಂದೆರಡು ಗಂಟೆ. ಆರು ಗಂಟೆಗೆ ಮನೆಗೆ ಓಡಬೇಕಾಗಿಲ್ಲ ಎನ್ನುವುದು ಅವಳಿಗೆ ಒಗ್ಗಲೇ ಇಲ್ಲ. ಆರಕ್ಕೆ ಸರಿಯಾಗಿ ತಲೆಯೆತ್ತಿ ಗಡಿಯಾರ ನೋಡುವಳು, ಅರ್ಧ ಏಳುವಳು, ಮತ್ತೆ ಕೂರುವಳು.

ನಲವತ್ತನೇ ಘಟ್ಟ ಮುಗಿದಾಗ ಅವಳು ಬಲಗೈ ತೆಗೆದಳು. ಎಡಗೈಯೊಂದೇ ಆಡಿತು. ಬಲಗಡೆಯ ಹುಟ್ಟು ತನ್ನಷ್ಟಕ್ಕೆ ಎದ್ದಿತು, ಬಿದ್ದಿತು, ದೋಣಿ ನೇರವಾಗಿ ಹೋಯಿತು. ಪುಟ್ಟಿ ನನ್ನನ್ನು ತಬ್ಬಿಕೊಂಡಳು. ನನಗೆ ಹೆದರಿಕೆಯಾಯಿತು. ಕೊಟ್ಟ ಮಾತು ಕೊರಳಿಗೆ ಬಂದಿತ್ತು. ದಿನಕ್ಕೆ ಎರಡು ಸಲ ಆ ಮೂರು ಮಹಡಿ ಹತ್ತುವುದನ್ನು ಆಗಲೇ ಎಣಿಸತೊಡಗಿದ್ದೆ.

ಇಪ್ಪತ್ತೆಂಟು, ಭಾನುವಾರ. ಲ್ಯಾಪ್‌ಟಾಪ್ ಹಿಡಿದು ಇಬ್ಬರೂ ಅಲ್ಲಿಗೆ ಹೋದೆವು. ಹಳೆಯ ಪರದೆ ಇಲ್ಲದ್ದರಿಂದ ಮೇಜು ಗೋಡೆಗೆ ಸರಿದಿತ್ತು, ಬಾಗಿಲು ಪೂರ್ತಿ ತೆರೆಯಿತು. ನಾನು ಅಭ್ಯಾಸಬಲದಿಂದ ಅಡ್ಡಡ್ಡವಾಗಿಯೇ ನುಸುಳಿದೆ.

ತಮ್ಮ ತನ್ನ ಕುರ್ಚಿಯಲ್ಲಿ ಕೂತ. ಬಲಗಡೆಯ ಕುರ್ಚಿ ಖಾಲಿ.

“ನೀನು?” ಎಂದ.

“ನೀನು ಆಡು ಅಣ್ಣ. ನಾನಿಲ್ದೇನೂ ನಡೆಯುತ್ತೆ, ನೋಡು,” ಎಂದು ಪುಟ್ಟಿ ಬಂದು ಅಡುಗೆಮನೆಯ ಬಾಗಿಲಲ್ಲಿ ನನ್ನ ಪಕ್ಕ ನಿಂತಳು. ನನ್ನ ಮಣಿಕಟ್ಟು ಹಿಡಿದುಕೊಂಡಳು.

ಅವನು ಆಡಿದ. ಒಂದನೇ ಘಟ್ಟ ಮುಗಿಯಿತು, ಎರಡು, ಮೂರು. ಖಾಲಿ ಕುರ್ಚಿಯ ಕಡೆಯ ಹುಟ್ಟು ಒಂದು ಸಲವೂ ತಪ್ಪಲಿಲ್ಲ. ಪುಟ್ಟಿ ಹೇಳಿದ್ದು ನಿಜ, ಅವನೂ ಕದಲುವವನಲ್ಲ. ನಾಲ್ಕನೇ ಘಟ್ಟದ ನಡುವೆ ಅವನು ಕೈ ತೆಗೆದ. ದೋಣಿ ಸುತ್ತತೊಡಗಿತು. ಕುರ್ಚಿ ತಿರುಗಿಸಿ ಅವಳನ್ನು ನೋಡಿದ. ಅವನ ಮುಖದಲ್ಲಿ ಎಷ್ಟು ಸಂತೋಷವಿತ್ತು ಎಂದರೆ, ಇಷ್ಟು ವರ್ಷದಲ್ಲಿ ನಾನು ಅದನ್ನು ಕಂಡಿರಲಿಲ್ಲ.

“ಚೆನ್ನಾಗಿ ಮಾಡಿದ್ದೀಯ ಪುಟ್ಟಿ. ನನ್ನ ಕಡೆದೂ ಹೀಗೇ ಬರೆದಿಟ್ಟುಬಿಡು. ಆಮೇಲೆ ನಾನು ಆಡ್ಬೇಕಾಗಿಲ್ಲ ಅಲ್ವಾ?”

“ನೀನು ಆಡ್ಬೇಕಾಗಿಲ್ಲ ಅಂದ್ರೆ?”

“ನೀನು ಎಲ್ಲಿ ಬೇಕಾದ್ರೂ ಕೂತು ಆಡ್ಕೋಬಹುದು. ನಾನು ಇರ್ಲೇಬೇಕು ಅಂತಿಲ್ಲ.”

ಪುಟ್ಟಿಗೆ ಅರ್ಥವಾಗಲಿಲ್ಲ. ನನಗೆ ಆಗಲು ಶುರುವಾಗಿತ್ತು.

“ಅಣ್ಣ, ಇದು ನಿನಗೋಸ್ಕರ ಮಾಡಿದ್ದು. ನಿನಗೆ ಬೇಕಲ್ಲ ಆಟ.”

“ನಂಗಾ?” ಅವನು ನಿಜವಾಗಿ ಆಶ್ಚರ್ಯಪಟ್ಟ. “ನಂಗೆ ಅದು ಅಷ್ಟೇನೂ ಇಷ್ಟ ಇರ್ಲಿಲ್ಲ ಕಣೆ. ಅಮ್ಮ ಹೋದ್ಮೇಲೆ ಸಂಜೆ ಆದ್ರೆ ನೀನು ಅಳೋಕೆ ಶುರು ಮಾಡ್ತಿದ್ದೆ. ದೋಣಿ ಹೊರಟ್ರೆ ಸುಮ್ನಾಗ್ತಿದ್ದೆ. ನಿನಗೆ ಬೇಕಲ್ಲ ಅಂತ ನಾನು ಆಡ್ದೆ.”

“ಇಪ್ಪತ್ತಾರು ವರ್ಷನಾ?”

“ನೀನು ನಿಲ್ಲಿಸ್ಲಿಲ್ವಲ್ಲ. ದಿನಾ ಆರು ಗಂಟೆಗೆ ಏದುಸಿರು ಬಿಟ್ಕೊಂಡು ಓಡಿ ಬರ್ತಿದ್ದೆ. ಅಷ್ಟು ಆಸೆಯಿಂದ ಬಂದೋಳಿಗೆ ಬೇಡ ಅಂತ ಹೇಗೆ ಹೇಳ್ಲಿ?”

“ನಾನು ಮದುವೆಗೆ ಹೋದಾಗ ಮೂರು ದಿನ ಊಟ ಬಿಟ್ಟಿದ್ಯಲ್ಲ!” ಅವಳ ದನಿ ಏರಿತು.

“ಅದಾ? ಹಲ್ಲುನೋವು.” ಅವನು ಬಾಯಿ ತೆರೆದು, ಒಳಗಡೆ ಹಲ್ಲಿಲ್ಲದ ಜಾಗಕ್ಕೆ ಬೆರಳಿಟ್ಟು ತೋರಿಸಿದ. “ಹೇಳಿದ್ರೆ ಅಪ್ಪ ಡಾಕ್ಟ್ರ ಹತ್ರ ಎಳ್ಕೊಂಡು ಹೋಗ್ತಿದ್ರು. ಮೆಟ್ಟಿಲು ಇಳೀಬೇಕಾಗ್ತಿತ್ತು. ಅದಕ್ಕೇ ಬಾಯಿ ಮುಚ್ಕೊಂಡು ಕೂತಿದ್ದೆ.”

ಪುಟ್ಟಿ ಮೊದಲು ನಕ್ಕಳು. ನಗುತ್ತಲೇ ಗೋಡೆಗೆ ಒರಗಿ ಕೆಳಗೆ ಜಾರಿ ನೆಲದ ಮೇಲೆ ಕೂತಳು. ಆಮೇಲೆ ಅದು ನಗುವಾಗಿ ಉಳಿಯಲಿಲ್ಲ. “ಒಂದು ಮಾತು ಹೇಳ್ಬಾರದಿತ್ತಾ?” ಎಂದು ಕೂಗಿದಳು. ಅವನು ಹೆದರಿಹೋದ. ಅವಳ ಹತ್ತಿರ ಬಂದು ಕೂತು, ತಪ್ಪು ಮಾಡಿದವನಂತೆ ಅವಳ ಬೆನ್ನು ಸವರಿದ. ಕ್ವಾರ್ಟರ್ಸಿನ ವಿಷಯ, ಮೂವತ್ತನೇ ತಾರೀಕಿನ ವಿಷಯ ಎಲ್ಲವನ್ನೂ ಆಗ ನಾನೇ ಹೇಳಬೇಕಾಯಿತು. ಅವನು ಕೇಳಿಕೊಂಡ.

“ಹೋಗು ಪುಟ್ಟಿ,” ಎಂದ. “ಅಡುಗೆ ನಾನೇ ಮಾಡ್ಕೋತೀನಿ. ಅಕ್ಕ ವಾರಕ್ಕೊಂದ್ಸಲ ಸಾಮಾನು ತಂದಿಟ್ರೆ ಸಾಕು. ಹೋಗು.”

ಬಾಗಿಲು ತೆರೆದೇ ಇತ್ತು. ಇಷ್ಟು ಸುಲಭವಾಗಿ ಮುಗಿಯಬಹುದಾದ ಮಾತಿಗೆ ಅವಳ ಇಪ್ಪತ್ತಾರು ವರ್ಷ ಹೋಗಿತ್ತು. ನನಗೆ ಅಳು ಬಂತು, ಸಿಟ್ಟೂ ಬಂತು. ಅಪ್ಪನ ಮೇಲೆ ಎಂದುಕೊಂಡೆ, ಆದರೆ ಅಪ್ಪ ಅದನ್ನು ಹೇಳಿದ್ದು ಒಂದೇ ಸಲ.

ಮೂವತ್ತರ ಬೆಳಗ್ಗೆ ಪುಟ್ಟಿ ಫೋನ್ ಮಾಡಿ ಬಾ ಅಂದಳು. ಸಾಮಾನು ಕಟ್ಟಲು ಕರೆದಿದ್ದಾಳೆ ಎಂದುಕೊಂಡು ಹೋದೆ. ಅವಳು ತಲೆ ಬಾಚಿಕೊಳ್ಳುತ್ತಿದ್ದಳು. ಮೇಜಿನ ಮೇಲೆ ಕಾಗದ ಇತ್ತು. ತೆಗೆದು ಓದಿದೆ. ‘ಮನೆಯಲ್ಲಿ ಆರೋಗ್ಯ ಸರಿಯಿಲ್ಲದ ಅಣ್ಣನಿದ್ದು, ಪ್ರತಿದಿನ ಸಂಜೆ ನಾನು ಜೊತೆಯಲ್ಲಿ ಇಲ್ಲದಿದ್ದರೆ ಅವರು ಊಟವನ್ನೂ ಮಾಡದಿರುವ ಕಾರಣ, ಈ ಹುದ್ದೆಯನ್ನು ಒಪ್ಪಿಕೊಳ್ಳಲು ಸಾಧ್ಯವಾಗುತ್ತಿಲ್ಲವೆಂದು ತಿಳಿಸಲು ವಿಷಾದಿಸುತ್ತೇನೆ.’ ಕೆಂಪು ಪೆನ್ನು ಅದರ ಮೇಲೆ ಓಡಾಡಿತ್ತು. ತಾರೀಕು ಬಿಟ್ಟುಹೋಗಿದ್ದನ್ನು ಸೇರಿಸಿದ್ದ. ಆ ಸಾಲನ್ನು ಮುಟ್ಟಿರಲಿಲ್ಲ.

ಒಳಗಿನ ಕೋಣೆಯಲ್ಲಿ ಅವನು ನಮ್ಮ ಕಡೆಗೆ ಬೆನ್ನು ಹಾಕಿ ಪ್ರೂಫ್ ನೋಡುತ್ತಿದ್ದ.

“ಪುಟ್ಟಿ, ಇದು...”

“ಅಲ್ಲಿ ಹೋಗಿ ಆರು ಗಂಟೆಗೆ ನಾನೇನು ಮಾಡ್ಲಿ ಅಕ್ಕ?” ಅವಳು ಕನ್ನಡಿಯಲ್ಲೇ ನನ್ನನ್ನು ನೋಡಿದಳು. “ನಿನ್ನೆಯಿಡೀ ಯೋಚನೆ ಮಾಡ್ದೆ. ಒಂದೂ ಹೊಳೀಲಿಲ್ಲ. ಆ ಕ್ವಾರ್ಟರ್ಸಿನ ಬಾಗಿಲು ತೆಗೆದು ಒಳಗೆ ಹೋಗಿ ನಿಂತ ಹಾಗೆ ಕಾಣುತ್ತೆ. ಆಮೇಲೆ ಏನೂ ಕಾಣಲ್ಲ. ಭಯ ಆಗುತ್ತೆ ಅಕ್ಕ.”

ಹೋಗು, ಹೋದ ಮೇಲೆ ಏನಾದರೂ ಹೊಳೆಯುತ್ತದೆ, ನಾನು ಒಂದು ವಾರ ಜೊತೆಗೆ ಬಂದು ಇರುತ್ತೇನೆ ಎನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು, ಆಣೆ ಮಾಡಿ ಹೇಳುತ್ತೇನೆ. ನಾನು ಹೇಳಿದ್ದು ಬೇರೆ.

“ಇದನ್ನ ಇನ್ನೊಂದ್ಸಲ ಚೆನ್ನಾಗಿ ಬರೆದುಕೊಡು, ನಾನು ಆಸ್ಪತ್ರೆ ಕಡೇನೇ ಹೋಗ್ತಿದ್ದೀನಿ. ಕೊಟ್ಟು ಬರ್ತೀನಿ.”

ನನಗೆ ಆಸ್ಪತ್ರೆಯ ಕಡೆ ಯಾವ ಕೆಲಸವೂ ಇರಲಿಲ್ಲ. ಅವಳು ಬಸ್ಸಿನಲ್ಲಿ ಮನಸ್ಸು ಬದಲಾಯಿಸಿಬಿಟ್ಟರೆ ಎಂಬ ಭಯಕ್ಕೆ ಹಾಗೆ ಅಂದೆ. ಒಯ್ದು, ಆಡಳಿತದ ಕೋಣೆಯಲ್ಲಿ ಕೊಟ್ಟು, ನಕಲಿನ ಮೇಲೆ ಮುದ್ರೆ ಹಾಕಿಸಿಕೊಂಡು ಹೊರಗೆ ಬಂದೆ. ಮೈ ಹಗುರವಾಯಿತು. ಹಗುರವಾದದ್ದಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು, ಆದರೂ ಹಗುರವೇ ಆಗಿತ್ತು.

ಸಂಜೆ ನಕಲು ಕೊಡಲು ಹೋದಾಗ ಆರು ದಾಟಿತ್ತು. ಇಬ್ಬರೂ ಪಕ್ಕಪಕ್ಕ ಕೂತು ಹುಟ್ಟು ಹಾಕುತ್ತಿದ್ದರು. ಅವಳ ಬದಲು ಆಡುತ್ತಿದ್ದ ಪ್ರೋಗ್ರಾಮನ್ನು ಅಳಿಸಿಹಾಕಿದ್ದಳು. ನಾನು ಸ್ವಲ್ಪ ಹೊತ್ತು ನಿಂತು, ನಕಲನ್ನು ಮೇಜಿನ ಮೇಲಿಟ್ಟು ಹೊರಟೆ. ಘಟ್ಟ ಮುಗಿದದ್ದೇ ತಮ್ಮ ಎದ್ದು ನನ್ನ ಹಿಂದೆ ಬಂದ. ಯಾವತ್ತೂ ಹಾಗೆ ಬಂದವನಲ್ಲ. ಒಂದು ಮಹಡಿ ಇಳಿದು ಆ ತಿರುವಿನಲ್ಲಿ ಕಂಬಿ ಹಿಡಿದು ನಿಂತ.

“ಕೊಟ್ಟುಬಿಟ್ಟೆಯಾ ಅಕ್ಕ?”

“ಕೊಟ್ಟೆ.”

“ನಾನು ಹೋಗು ಅಂದ್ರೆ ಅವಳು ನಂಬಲ್ಲ. ಅವಳನ್ನ ಓಡಿಸೋಕೆ ಹೇಳ್ದೆ ಅಂತಾಳೆ. ಅದಕ್ಕೇ ಆ ಸಾಲನ್ನ ಹಾಗೇ ಬಿಟ್ಟೆ.” ಅವನು ಕೆಳಗಿನ ಮೆಟ್ಟಿಲುಗಳನ್ನು ನೋಡುತ್ತಿದ್ದ. “ಕಾಗದ ಹಿಡ್ಕೊಂಡು ಕೆಳಗೆ ಇಳಿದೋಳು ನೀನಲ್ವಾ? ದಾರೀಲಿ ನೀನಾದ್ರೂ ಹರಿದು ಹಾಕ್ತೀಯ ಅನ್ಕೊಂಡಿದ್ದೆ.”

ಮೇಲಿನಿಂದ ಪುಟ್ಟಿ ಕರೆದಳು. ಅವನು ಹತ್ತಿ ಹೋದ. ನಾನು ಉಳಿದ ಮೆಟ್ಟಿಲು ಇಳಿದು ಮನೆಗೆ ಬಂದೆ.